ಕಡ್ಡಿಯಿಂದ ಮರೆ, ಬೀಜದಿಂದ ಮೇವು: ಜಿಂಕೆಗಳಿಗಾಗಿ ನಾಟಿ ಗಿಡ ಬೆಳೆಸೋರ ಪ್ರಶ್ನೆಗಳು

ಬನ್ನೇರುಘಟ್ಟದ ಕಾಡಂಚಲ್ಲಿ, ಹೊರಗಿಂದ ಬಂದು ಎಲ್ಲಾ ಕಡೆ ಹಬ್ಬಿರೋ ಲಂಟಾನ ಪೊದೆ ಕಿತ್ತ ಜಾಗದಲ್ಲಿ ನಮ್ಮ ಊರಿನದ್ದೇ ಪೊದೆ ಗಿಡಗಳನ್ನ ಬೆಳೆಸಿ ಅಂತ ಹೋದ ಸಂಚಿಕೇಲಿ ಬರೆದಿದ್ವಿ. ಅದನ್ನ ಓದಿ ತುಂಬಾ ಜನ ಪ್ರಶ್ನೆ ಕಳಿಸಿದ್ದಾರೆ, ಹೆಚ್ಚಿನವು ಕಟಿಂಗ್, ಅಂದ್ರೆ ಕಡ್ಡಿ ನೆಟ್ಟು ಗಿಡ ಬೆಳೆಸೋದರ ಬಗ್ಗೆನೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಡ್ತಿದೀವಿ.

ಪ್ರಶ್ನೆ: ನಾನು ರಿಟೈರ್ಡ್, ಜೆ.ಪಿ. ನಗರದಲ್ಲಿದೀನಿ. ಹಾರೋಹಳ್ಳಿ ಕಡೆ ಕಾಡಿಗೆ ಅಂಟಿಕೊಂಡ ಹಾಗೆ ನಮ್ಮ ತಂದೆ ಕಾಲದ ಜಮೀನಿದೆ. ಬೇಸಾಯ ಬಿಟ್ಟು ವರ್ಷಗಳೇ ಆಯ್ತು, ಅರ್ಧಕ್ಕರ್ಧ ಲಂಟಾನ ತುಂಬಿದೆ. ಸಂಜೆ ಹೊತ್ತು ಚುಕ್ಕಿ ಜಿಂಕೆ ಬಂದು ಹೋಗ್ತವೆ. ಅದನ್ನ ಅವುಗಳಿಗೇ ಬಿಡೋಣ ಅಂತ ಮನೆಯವರೆಲ್ಲ ಒಪ್ಪಿದೀವಿ. ನರ್ಸರಿಯಿಂದ ಸಾವಿರಾರು ಗಿಡ ತರೋಕೆ ದುಡ್ಡಿಲ್ಲ, ಕಡ್ಡಿ ನೆಟ್ಟು ಬೆಳೆಸಬಹುದಾ? ಯಾವ್ಯಾವ ಗಿಡ?

ಉತ್ತರ: ನಿಮ್ಮ ಮನೆಯವರಿಗೆಲ್ಲ ಮೊದಲು ಒಂದು ನಮಸ್ಕಾರ ಸಾರ್. ಹಾರೋಹಳ್ಳಿ ರಸ್ತೆ ಆಚೆ ಈಚೆ ಜಮೀನಿನ ರೇಟು ಏನಿದೆ ಅಂತ ಗೊತ್ತಿರೋರಿಗೆ ಈ ತೀರ್ಮಾನ ಎಷ್ಟು ದೊಡ್ಡದು ಅಂತಾನೂ ಗೊತ್ತು.

ಕಡ್ಡಿ ನೆಟ್ಟು ಬೆಳೆಸಬಹುದು, ಆದರೆ ಎಲ್ಲಾನೂ ಕಡ್ಡಿಯಿಂದ ಆಗಲ್ಲ. ಇದರಲ್ಲಿ ಒಂದು ವಿಷ್ಯ ತುಂಬಾ ಜನ ಗಮನಿಸೋದೇ ಇಲ್ಲ. ನಮ್ಮ ಕಡೆ ಕಡ್ಡಿಯಿಂದ ಸುಲಭವಾಗಿ ಬರೋ ಪೊದೆಗಳನ್ನ ಜಿಂಕೆ ಅಷ್ಟಾಗಿ ತಿನ್ನಲ್ಲ, ಜಿಂಕೆ ಆಸೆಪಟ್ಟು ಹಣ್ಣು ತಿನ್ನೋ ಗಿಡಗಳು ಹೆಚ್ಚಿನವು ಬೀಜದಿಂದಲೇ ಚೆನ್ನಾಗಿ ಬರೋದು. ಲಕ್ಕಿ ಗಿಡ ತಗೊಳಿ, ಬದು ಮೇಲೆ, ಹಳ್ಳದ ದಂಡೇಲಿ ನೀಲಿ ಹೂ ಬಿಡತ್ತಲ್ಲ ಅದು, ಕಡ್ಡಿ ಮುರಿದು ನೆಟ್ರೂ ಬೇರು ಬಿಡತ್ತೆ, ಆದ್ರೆ ಆಡೂ ಹಸೂನೂ ಅದನ್ನ ಮೂಸಿ ಬಿಡ್ತವೆ. ಆಡುಸೋಗೆನೂ ಹಾಗೇ. ಆ ಕಡೆ ಬಾರೆ ಅಂದ್ರೆ ಎಲಚಿ, ಕವಳೆ, ಕಾರೆ, ನೆಲ್ಲಿ, ಇವುಗಳ ಹಣ್ಣು ಕೆಳಗೆ ಬಿದ್ರೆ ಜಿಂಕೆ, ಕಾಡುಕುರಿ (ಬೊಗಳೋ ಜಿಂಕೆ) ಎಲ್ಲಾ ಹುಡುಕ್ಕೊಂಡು ಬರ್ತವೆ, ಆದರೆ ಕಡ್ಡಿ ನೆಟ್ರೆ ಹತ್ತರಲ್ಲಿ ಒಂದು ಬದುಕೋದೂ ಕಷ್ಟ.

ಹಾಗಂತ ಲಕ್ಕಿ ನೆಡೋದು ದಂಡ ಅಂದ್ಕೋಬೇಡಿ. ಜಿಂಕೆಗೆ ಮೇವು ಎಷ್ಟು ಮುಖ್ಯನೋ ಮರೆನೂ ಅಷ್ಟೇ ಮುಖ್ಯ. ಚುಕ್ಕಿ ಜಿಂಕೆ ಆಗ್ಲಿ ಕಡವೆ ಆಗ್ಲಿ, ಹುಟ್ಟಿದ ಮರಿ ಮೊದಲ ದಿನಗಳಲ್ಲಿ ತಾಯಿ ಹಿಂದೆ ಓಡಾಡಲ್ಲ, ಪೊದೆ ಒಳಗೆ ಮಿಸುಕಾಡದೆ ಮಲಗಿರತ್ತೆ, ತಾಯಿ ಬಂದು ಹಾಲು ಕೊಟ್ಟು ಹೋಗತ್ತೆ. ಕಾಡಂಚಲ್ಲಿ ಬೀದಿನಾಯಿ ಗುಂಪುಗಳು ಹೆಚ್ಚಿರೋ ಕಡೆ ಆ ಪೊದೆ ಇಲ್ಲ ಅಂದ್ರೆ ಮರಿ ಉಳಿಯಲ್ಲ. ತಿನ್ನದೇ ಇರೋ ಗಿಡಕ್ಕೆ ಇನ್ನೊಂದು ಲಾಭ ಇದೆ: ಅದು ಚಿಕ್ಕದಿದ್ದಾಗ ಯಾರೂ ಮೇಯದೆ ಬಿಡೋದ್ರಿಂದ ಬೇಗ ಪೊದೆಯಾಗತ್ತೆ, ಅದರ ನಡುವೆ ಬೀಜದಿಂದ ಎದ್ದ ಬಾರೆ, ಕವಳೆ ಸಸಿಗಳಿಗೆ ಅದೇ ಬೇಲಿ. ಅಂದ್ರೆ ಕಡ್ಡಿಯಿಂದ ಮರೆ, ಬೀಜದಿಂದ ಮೇವು, ಇಷ್ಟು ಇಟ್ಕೊಂಡು ಪ್ಲ್ಯಾನ್ ಮಾಡಿ.

ಕಡ್ಡಿಯಿಂದಾನೂ ಬಂದು ಮೇವೂ ಕೊಡೋದು ಅಂದ್ರೆ ಆಲದ ಜಾತಿಯವು. ಅತ್ತಿ, ಬಸರಿ, ಗೋಣಿ, ಆಲ, ಇವು ಪೊದೆ ಅಲ್ಲ, ಮರಗಳು, ಆದ್ರೂ ಹೇಳ್ತೀನಿ ಯಾಕಂದ್ರೆ ಹಿಂದಿನೋರು ಸಾಲುಮರ ಬೆಳೆಸಿದ್ದು ಬೀಜ ಹಾಕಿ ಅಲ್ಲ, ತೋಳು ಗಾತ್ರದ ಕೊಂಬೆಗಳನ್ನೇ ನೆಟ್ಟು. ಮಳೆ ಶುರುವಾಗೋ ಹೊತ್ತಿಗೆ ಆಳೆತ್ತರದ ಕೊಂಬೆ ಆಳವಾಗಿ ನೆಟ್ಟು, ಮೇಲಿನ ತುದಿಗೆ ಸಗಣಿ ಮೆತ್ತಿ, ಸುತ್ತ ಮುಳ್ಳು ಕಟ್ಟಿ. ಎರಡೂವರೆ ಎಕರೆ ಇದ್ರೂ ಮೂರ್ನಾಲ್ಕು ಸಾಕು. ಮುಂದೆ ಅತ್ತಿ ಹಣ್ಣು ಬಿಟ್ಟಾಗ ಕೋತಿಗಳು ತಿಂದು ಅರ್ಧ ಕೆಳಗೆ ಬೀಳಿಸ್ತವೆ, ಜಿಂಕೆಗೆ ಅದೇ ಊಟ. ಹಾಲವಾಣನೂ ಹಾಗೇ ಕೊಂಬೆಯಿಂದ ಬರತ್ತೆ.

ಲಂಟಾನ ಒಂದೇ ಸಲ ಪೂರ್ತಿ ಕೀಳಿಸ್ಬೇಡಿ, ಇದು ನನ್ನ ಬಲವಾದ ಅಭಿಪ್ರಾಯ. ಅದರ ಎಲೆ ವಿಷ ಹೌದು, ದನ ತಿಂದ್ರೆ ಲಿವರ್ ಹಾಳಾಗತ್ತೆ, ಅದರ ಕೆಳಗೆ ಹುಲ್ಲು ಹುಟ್ಟಲ್ಲ, ಎಲ್ಲಾ ಸರಿ. ಆದ್ರೆ ಈಗ ಅಲ್ಲಿರೋ ಪ್ರಾಣಿಗಳಿಗೆ ಇರೋ ಮರೆ ಅದೊಂದೇ. ಜೆಸಿಬಿ ಕರೆಸಿ ಬೋಳು ಮಾಡಿದ್ರೆ ಕೆಂಪು ಮಣ್ಣು ಮೊದಲ ಮಳೆಗೇ ಕೊಚ್ಚಿಕೊಂಡು ಹೋಗತ್ತೆ, ಮತ್ತೆ ಮೊದಲು ಎದ್ದು ಬರೋದು ಲಂಟಾನನೇ. ಪಟ್ಟೆ ಪಟ್ಟೆಯಾಗಿ ತೆಗೀರಿ. ಬುಡ ಕಡಿದ್ರೆ ಸಾಲದು, ನೆಲದ ಮಟ್ಟದಿಂದ ಮೂರು ನಾಲ್ಕು ಇಂಚು ಕೆಳಗೆ ಬೇರು ಕತ್ತರಿಸಿ ಗಿಡಾನ ತಲೆಕೆಳಗು ಮಾಡಿ ಒಣಗಿಸ್ಬೇಕು, ಯಾಕಂದ್ರೆ ಅದರ ಕಾಂಡ ಒದ್ದೆ ಮಣ್ಣಿಗೆ ತಾಗಿದ್ರೂ ಬೇರು ಬಿಡತ್ತೆ. ಆಮೇಲೆ ಎರಡು ಮೂರು ವರ್ಷ ಮಳೆಗಾಲದಲ್ಲಿ ಎಳೇ ಸಸಿ ಕೀಳ್ತಾನೇ ಇರ್ಬೇಕು, ಪಿಕಳಾರ ಹಕ್ಕಿಗಳು ಅಕ್ಕಪಕ್ಕದಿಂದ ಬೀಜ ತಂದು ಹಾಕ್ತಾನೇ ಇರ್ತವೆ.

ಇನ್ನೊಂದು, ಜಾಗ ಪೂರ್ತಿ ಗಿಡ ತುಂಬಿಸ್ಬೇಡಿ. ಚುಕ್ಕಿ ಜಿಂಕೆ ಮುಖ್ಯವಾಗಿ ಹುಲ್ಲು ಮೇಯೋ ಪ್ರಾಣಿ, ಮಳೆಗಾಲ ಪೂರ್ತಿ ಅದರ ಹೊಟ್ಟೆ ತುಂಬೋದು ಎಳೇ ಹುಲ್ಲಿಂದ. ಸೊಪ್ಪು, ಬಿದ್ದ ಹೂವು, ಕಾಯಿ, ಹಣ್ಣು ಇವೆಲ್ಲ ಬೇಸಿಗೆಗೆ. ಕಡವೆ ಸೊಪ್ಪು ಜಾಸ್ತಿ ತಿನ್ನತ್ತೆ, ಕಾಡುಕುರಿ ಎಳೇ ಚಿಗುರು, ಹಣ್ಣು ಆರಿಸಿ ಆರಿಸಿ ತಿನ್ನತ್ತೆ. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಜಾಗ ಹುಲ್ಲಿಗೇ ಬಿಡಿ, ಪೊದೆಗಳನ್ನ ಸಾಲಾಗಿ ನೆಡದೆ ಗುಂಪು ಗುಂಪಾಗಿ ನೆಡಿ, ಗುಂಪಿಂದ ಗುಂಪಿಗೆ ಜಿಂಕೆ ಓಡಿ ಸೇರ್ಕೊಳೋಷ್ಟು ದೂರ ಇದ್ರೆ ಸಾಕು. ನೆಲ್ಲಿ ಮಾತ್ರ ಬೀಜ ಹಾಕಿ ನಾಲ್ಕು ಕಡೆ ಬೆಳೆಸಿ. ಜಿಂಕೆ ನೆಲ್ಲಿಕಾಯಿ ನುಂಗಿ, ಆಮೇಲೆ ಎಲ್ಲೋ ಮಲಗಿ ಮೆಲುಕು ಹಾಕುವಾಗ ಓಟೆ ಉಗುಳತ್ತೆ, ಕಾಡಲ್ಲಿ ನೆಲ್ಲಿ ಹರಡೋದ್ರಲ್ಲಿ ಇದಕ್ಕೆ ದೊಡ್ಡ ಪಾತ್ರ ಇದೆ. ಒಂದು ಸಲ ಕಾಯಿ ಬಿಡೋಕೆ ಶುರುವಾದ್ರೆ ಮುಂದಿನ ಗಿಡಗಳನ್ನ ನೆಡೋ ಕೆಲಸ ಅವೇ ನೋಡ್ಕೊತವೆ.

ಪ್ರಶ್ನೆ: ಲಕ್ಕಿ ಮತ್ತೆ ಅತ್ತಿ ಕಡ್ಡಿ ಕವರಲ್ಲಿ ಹಾಕಿದ್ದೆ. ಮೂರು ವಾರಕ್ಕೆ ಚಿಗುರು ಬಂತು, ತುಂಬಾ ಖುಷಿಯಾಯ್ತು. ಆಮೇಲೆ ಒಂದೇ ವಾರದಲ್ಲಿ ಎಲ್ಲಾ ಬಾಡಿ ಕಪ್ಪಾಗೋಯ್ತು. ಕಿತ್ತು ನೋಡಿದ್ರೆ ಬೇರೇ ಇಲ್ಲ! ಏನಾಯ್ತು? (ಆನೇಕಲ್‌ನಿಂದ ಓದುಗರೊಬ್ಬರು)

ಉತ್ತರ: ಮೇಡಂ, ಕಟಿಂಗ್ ಮಾಡೋ ಹೆಚ್ಚಿನವರಿಗೆ ಇದೇ ಆಗೋದು, ಬೇಜಾರು ಮಾಡ್ಕೋಬೇಡಿ. ಚಿಗುರು ಬಂತು ಅಂದ್ರೆ ಬೇರು ಬಂತು ಅಂತ ಅರ್ಥ ಅಲ್ಲ. ಕಡ್ಡಿ ಒಳಗೆ ಗಿಡ ಮೊದಲೇ ಕೂಡಿಟ್ಟ ಪಿಷ್ಟ ಇರತ್ತೆ, ಬಿಸಿಲು, ನೀರು ಸಿಕ್ಕಿದ ತಕ್ಷಣ ಕಣ್ಣು ಒಡೆದು ಎಲೆ ಬಿಡೋಕೆ ಅದೇ ಸಾಕು. ಬೇರು ಇಲ್ಲದೆ ಎಲೆ ದೊಡ್ಡದಾದ ಹಾಗೆ ಎಲೆಯಿಂದ ನೀರು ಆವಿಯಾಗಿ ಹೋಗತ್ತೆ, ಕೆಳಗಿಂದ ಎಳ್ಕೊಳೋಕೆ ದಾರಿ ಇಲ್ಲ, ಕೂಡಿಟ್ಟಿದ್ದು ಖಾಲಿಯಾದ ದಿನ ಬಾಡತ್ತೆ. ಕೈಯಲ್ಲಿರೋ ದುಡ್ಡನ್ನೆಲ್ಲ ಗೃಹಪ್ರವೇಶದ ಊಟಕ್ಕೆ ಖರ್ಚು ಮಾಡಿ ಪಾಯಕ್ಕೆ ಇಲ್ಲ ಅಂದ ಹಾಗೆ.

ಹಾಗಾಗಿ ನಮ್ಮ ಕೆಲಸ ಏನಂದ್ರೆ ಮೇಲಿನ ಚಿಗುರನ್ನ ನಿಧಾನ ಮಾಡಿ ಕೆಳಗಿನ ಬೇರನ್ನ ಮುಂದೆ ತರೋದು. ಅದಕ್ಕೆ ನೆರಳು ಬೇಕು. ಶೇಡ್ ನೆಟ್ ಐವತ್ತು ಪರ್ಸೆಂಟಿಂದು ಸಾಕು, ಇಲ್ಲ ಅಂದ್ರೆ ತೆಂಗಿನ ಗರಿ ಚಪ್ಪರ. ಗಾಳಿಯಲ್ಲಿ ತೇವ ಇರ್ಬೇಕು, ಆದ್ರೆ ಮಣ್ಣು ಕೆಸರಾಗಬಾರದು. ಈ ಎರಡನ್ನ ಜನ ಒಂದೇ ಅಂದ್ಕೊಂಡು ದಿನಕ್ಕೆ ಮೂರು ಸಲ ನೀರು ಹುಯ್ತಾರೆ, ಕಡ್ಡಿ ಬುಡ ಕೊಳೆತು ಕಪ್ಪಾಗತ್ತೆ. ನಿಮ್ಮದು ಕಪ್ಪಾಗಿತ್ತು ಅಂದ್ರೆ ನೀರೂ ಜಾಸ್ತಿ ಆಗಿರೋ ಚಾನ್ಸ್ ಇದೆ. ಕವರುಗಳ ಮೇಲೆ ಬಿದಿರು ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಶೀಟ್ ಹೊದಿಸಿ, ಒಳಗೆ ಬೆವರೋ ಹಾಗಿದ್ರೆ ಸರಿಯಿದೆ, ನೀರು ಎರಡು ಮೂರು ದಿನಕ್ಕೊಮ್ಮೆ ಚಿಮುಕಿಸಿದ್ರೆ ಸಾಕು. ಶೀಟ್ ಮೇಲೆ ನೇರ ಬಿಸಿಲು ಬಿದ್ರೆ ಒಳಗೆ ಬೆಂದೇ ಹೋಗ್ತವೆ, ಅದೊಂದು ನೋಡ್ಕೊಳಿ.

ಕಡ್ಡಿ ಆರಿಸೋದು ಹೇಗೆ ಅಂದ್ರೆ, ನಿಮ್ಮ ಆನೇಕಲ್, ಕನಕಪುರ, ರಾಮನಗರ ಕಡೆ ಹಿಪ್ಪುನೇರಳೆ ಹಾಕೋರನ್ನ ಕೇಳಿ, ಅವರಿಗಿಂತ ಚೆನ್ನಾಗಿ ಹೇಳೋ ಪುಸ್ತಕ ಇಲ್ಲ. ಪೆನ್ಸಿಲ್ ದಪ್ಪದಿಂದ ಕಿರುಬೆರಳು ದಪ್ಪದ ತನಕ, ತೀರಾ ಎಳೇದೂ ಅಲ್ಲ ತೀರಾ ಬಲಿತು ಬೆಳ್ಳಗಾಗಿರೋದೂ ಅಲ್ಲ, ಗೇಣುದ್ದ, ಮೂರ್ನಾಲ್ಕು ಕಣ್ಣು ಇರೋ ಥರ. ಕೆಳಗಿನ ತುದಿ ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಬೇರು ಹೆಚ್ಚಾಗಿ ಗಿಣ್ಣಿನ ಹತ್ರಾನೇ ಬರೋದು. ಮೇಲಿನ ತುದಿ ಓರೆಯಾಗಿ ಕತ್ತರಿಸಿ, ನೀರು ಜಾರಿ ಹೋಗ್ಲಿ ಅಂತ, ಅದರಿಂದ ಯಾವುದು ಮೇಲೆ ಯಾವುದು ಕೆಳಗೆ ಅನ್ನೋ ಗುರುತೂ ಸಿಗತ್ತೆ. ತಲೆಕೆಳಗಾಗಿ ನೆಟ್ರೆ ಬರಲ್ಲ. ಎರಡು ಕಣ್ಣು ಮಣ್ಣೊಳಗೆ, ಉಳಿದಿದ್ದು ಹೊರಗೆ. ಕತ್ತರಿ ಹರಿತ ಇರ್ಲಿ, ಮಚ್ಚಲ್ಲಿ ಕಡಿದ್ರೆ ತುದಿ ಜಜ್ಜಿಹೋಗಿ ಕೊಳೆಯೋಕೆ ಶುರುವಾಗತ್ತೆ. ಬೆಳಿಗ್ಗೆ ಬೇಗ ಕಡಿದು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು ಅವತ್ತೇ ನೆಟ್ಟುಬಿಡಿ.

ಹಿಪ್ಪುನೇರಳೇನೇ ನೆಡಬಹುದಲ್ಲ, ಜಿಂಕೆ ತಿನ್ನತ್ತೆ ಅಂತ ಕೆಲವರು ಕೇಳಿದಾರೆ. ಬೇಡ. ವಿಧಾನ ಅವರಿಂದ ಕಲೀರಿ, ಗಿಡ ಬೇಡ. ಕಾಡಂಚಲ್ಲಿ ಹಿಪ್ಪುನೇರಳೆ ರುಚಿ ಹತ್ತಿದ ಜಿಂಕೆ ನಾಳೆ ಪಕ್ಕದ ರೈತರ ತೋಟಕ್ಕೆ ನುಗ್ಗತ್ತೆ.

ಮಣ್ಣಿನ ಮಿಶ್ರಣಕ್ಕೆ ಗೊಬ್ಬರ ಹಾಕ್ಬೇಡಿ, ಬೇರು ಬರೋ ತನಕ ಅದರ ಅಗತ್ಯ ಇಲ್ಲ, ಕೊಳೆರೋಗಕ್ಕೆ ಆಹ್ವಾನ ಅಷ್ಟೇ. ತೊಳೆದ ಮರಳು, ಕೋಕೋಪಿಟ್, ಕೆಂಪು ಮಣ್ಣು ಸಮ ಸಮ ಸಾಕು. ಎಂ ಸ್ಯಾಂಡ್ ಆದ್ರೆ ಎರಡು ಮೂರು ಸಲ ತೊಳೆದು ಧೂಳು ತೆಗೀರಿ. ಅಂಗಡೀಲಿ ಸಿಗೋ ರೂಟಿಂಗ್ ಪೌಡರ್ ಲಕ್ಕಿಗೆ ಬೇಕಿಲ್ಲ. ಬಂದರಿಕೆ (ಒಣ ಗುಡ್ಡಗಳಲ್ಲಿ ಬೆಳೆಯೋ ಪೊದೆ), ಕವಳೆ ಥರ ಹಟಮಾರಿ ಗಿಡಗಳಿಗೆ ಟ್ರೈ ಮಾಡೋದಾದ್ರೆ ಐಬಿಎ (ಬೇರು ಬರಿಸೋ ಹಾರ್ಮೋನ್) ಇರೋ ಪೌಡರ್ ತಗೊಳಿ, ಬುಡ ಅದ್ದಿ, ಕೊಡವಿ, ನೆಡಿ. ಜಾಸ್ತಿ ಮೆತ್ತಿದ್ರೆ ಜಾಸ್ತಿ ಬೇರು ಬರಲ್ಲ, ಉಲ್ಟಾ ಬುಡ ಸುಟ್ಟುಹೋಗತ್ತೆ.

ಕೊನೇದಾಗಿ, ದಯವಿಟ್ಟು ಕಿತ್ತು ನೋಡ್ಬೇಡಿ! ಎಳೇ ಬೇರು ದಾರಕ್ಕಿಂತ ಸೂಕ್ಷ್ಮ, ಎತ್ತಿದ ತಕ್ಷಣ ಮುರಿಯತ್ತೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಹಿಡಿತ ಇದ್ರೆ ಬೇರಿದೆ. ಇಲ್ಲ ಕವರಿನ ಕೆಳಗಿನ ತೂತಲ್ಲಿ ಬಿಳಿ ಬೇರು ಇಣುಕೋ ತನಕ ಕಾಯಿರಿ. ಒಂದೂವರೆ ಎರಡು ತಿಂಗಳು ಬೇಕೇ ಬೇಕು.

ಪ್ರಶ್ನೆ: ಒಂದೇ ಒಳ್ಳೆ ಗಿಡ ಸಿಕ್ಕಿದೆ, ಅದರಿಂದಾನೇ ಇನ್ನೂರು ಕಡ್ಡಿ ತೆಗೀಬಹುದಾ?

ಉತ್ತರ: ತೆಗೀಬಹುದು ಆದ್ರೆ ತೆಗೀಬೇಡಿ. ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ಪ್ರತಿರೂಪ, ಇನ್ನೂರು ಇದ್ರೂ ಒಂದೇ ಗಿಡ ಇದ್ದ ಹಾಗೆ. ಒಂದು ರೋಗ ಬಂದ್ರೆ ಎಲ್ಲಕ್ಕೂ ಒಟ್ಟಿಗೆ. ಇನ್ನೂ ಒಂದು ತೊಡಕು ಇದೆ, ಕೆಲವು ಜಾತಿಯಲ್ಲಿ ಗಂಡು ಗಿಡ ಹೆಣ್ಣು ಗಿಡ ಬೇರೆ ಬೇರೆ, ಬಂದರಿಕೆನೇ ಹೆಚ್ಚಾಗಿ ಹಾಗೆ, ಗೊತ್ತಿಲ್ದೆ ಬರೀ ಗಂಡು ಗಿಡದ ಕಡ್ಡಿ ತಂದ್ರೆ ಬೀಜ ಅನ್ನೋದೇ ಇರಲ್ಲ. ಇಪ್ಪತ್ತು ಮೂವತ್ತು ಗಿಡಗಳಿಂದ, ಬೇರೆ ಬೇರೆ ಬದುಗಳಿಂದ, ಒಂದೊಂದರಲ್ಲಿ ನಾಲ್ಕೈದು ಕಡ್ಡಿ ತಗೊಳಿ. ನಿಮ್ಮ ಜಾಗದ ಸುತ್ತಮುತ್ತಲ ಊರಿಂದಾನೇ ಆಗಿರ್ಲಿ, ಆ ಮಣ್ಣಿಗೂ ಆ ಮಳೆಗೂ ಹೊಂದಿಕೊಂಡಿರತ್ತೆ. ನ್ಯಾಷನಲ್ ಪಾರ್ಕ್ ಒಳಗಿಂದ ಮಾತ್ರ ಒಂದು ಎಲೆನೂ ತರಬಾರದು, ಅದು ಅಪರಾಧ. ಹೊಲದ ಬದು, ತೋಟದ ಬೇಲಿ, ಮಾಲೀಕರನ್ನ ಕೇಳಿ ತಗೊಳಿ.

ಪ್ರಶ್ನೆ: ನಮ್ಮ ಕಾಲೇಜಿನ ಹುಡುಗರು ಭಾನುವಾರ ತುರಹಳ್ಳಿ ಕಾಡಿಗೆ ಹೋಗಿ ಕಟಿಂಗ್ ನೆಟ್ಟು ಬರೋಣ ಅಂತಿದೀವಿ. ಹೆಸರಘಟ್ಟದ ಬಯಲಲ್ಲೂ ಜಾಗ ಖಾಲಿ ಇದೆ ಅಂತಾರೆ.

ಉತ್ತರ: ಅರಣ್ಯ ಇಲಾಖೆ ಅನುಮತಿ ಇಲ್ಲದೆ ಯಾವ ಕಾಡಲ್ಲೂ ನೆಡೋ ಹಾಗಿಲ್ಲ, ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಪತ್ರ ಕೊಡಿ. ಅವರಿಗೆ ಲಂಟಾನ ಕೀಳೋಕೆ ಜನ ಬೇಕಿರತ್ತೆ, ನೆಡೋಕಿಂತ ಅದೇ ಉಪಕಾರ.

ಹೆಸರಘಟ್ಟದ ವಿಷ್ಯದಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳ್ಬೇಕು. ಅದು ಖಾಲಿ ಜಾಗ ಅಲ್ಲ. ಅದು ಹುಲ್ಲುಗಾವಲು, ಬೆಂಗಳೂರಿನ ಸುತ್ತ ಇಷ್ಟು ದೊಡ್ಡದಾಗಿ ಉಳಿದಿರೋ ಹುಲ್ಲುಗಾವಲು ಇನ್ನೆಲ್ಲಿದೆ? ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳು, ಚಳಿಗಾಲಕ್ಕೆ ದೂರದಿಂದ ಬರೋ ಸೆಳೆವಗಳು (ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳು), ಇವಕ್ಕೆ ಬಯಲೇ ಬೇಕು. ಅಲ್ಲಿ ಗಿಡ ನೆಟ್ರೆ ಉದ್ಧಾರ ಅಲ್ಲ, ಹಾಳು ಮಾಡಿದ ಹಾಗೆ. ಮರ ಇಲ್ಲದ ಜಾಗ ಕಂಡ್ರೆ ಸಾಕು ಗುಂಡಿ ತೋಡೋ ಅಭ್ಯಾಸ ನಮ್ಮ ಊರಲ್ಲಿ ತುಂಬಾ ಬೆಳೆದಿದೆ, ನಿಮ್ಮಂಥ ಹುಡುಗರಾದ್ರೂ ಅದನ್ನ ನಿಲ್ಲಿಸ್ಬೇಕು.

ಪ್ರಶ್ನೆ: ಬನ್ನೇರುಘಟ್ಟ ರಸ್ತೆ ಆಚೆ ಹೊಸ ಲೇಔಟಲ್ಲಿದೀವಿ. ಕಾಂಪೌಂಡ್ ಹಿಂದೆ ಜಿಂಕೆ ಕಾಣ್ತವೆ, ಮಕ್ಕಳಿಗೆ ತುಂಬಾ ಇಷ್ಟ. ಹತ್ರ ಬರೋ ಹಾಗೆ ಯಾವ ಗಿಡ ಹಾಕ್ಬೇಕು?

ಉತ್ತರ: ಯಾವುದೂ ಬೇಡ. ಜಿಂಕೆ ಮನೆ ಹತ್ರ ಬಂದ್ರೆ ರಸ್ತೆ ದಾಟ್ಬೇಕು, ನಾಯಿ ಬಾಯಿಗೆ ಸಿಗ್ಬೇಕು, ಪ್ಲಾಸ್ಟಿಕ್ ತಿನ್ಬೇಕು. ಅದರ ಹಿಂದೆ ಚಿರತೆನೂ ಬರತ್ತೆ. ಬಿಸ್ಕೆಟ್, ತರಕಾರಿ ಸಿಪ್ಪೆ ಎಸೆಯೋದೂ ನಿಲ್ಲಿಸಿ. ಮಕ್ಕಳಿಗೆ ಒಂದು ಬೈನಾಕ್ಯುಲರ್ ಕೊಡಿಸಿ, ದೂರದಿಂದ ನೋಡೋ ಖುಷಿನೇ ಬೇರೆ.

ಪ್ರಶ್ನೆ: ನಾವು ಕಗ್ಗಲೀಪುರದ ಕಡೆ ರೈತರು. ರಾಗಿ, ಹಿಪ್ನೇರ್ಲೆ ಹಾಕಿದ್ರೆ ರಾತ್ರಿ ಹಂದಿ, ಜಿಂಕೆ, ಆನೆ. ನೀವು ಸಿಟಿಯವರು ಇನ್ನೂ ಗಿಡ ಬೆಳೆಸಿ ಜಿಂಕೆ ಸಾಕಿ ಅಂತೀರಲ್ಲ ಸ್ವಾಮಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು ಅಣ್ಣ, ರಾತ್ರಿ ಅಟ್ಟಣೆ ಮೇಲೆ ನಿದ್ದೆಗೆಟ್ಟು ಕೂರೋರು ನೀವು. ನಾವು ಹೇಳ್ತಿರೋದು ಜಿಂಕೆ ಸಾಕೋದಲ್ಲ. ಕಾಡೊಳಗೆ ಹುಲ್ಲು ಇರೋ ಜಾಗಾನ ಲಂಟಾನ ತಿಂದುಹಾಕಿದೆ, ಅದಕ್ಕೇ ಅವು ಹೊಲಕ್ಕೆ ಬರೋದು ಹೆಚ್ಚಾಗಿರೋದು. ಬನ್ನೇರುಘಟ್ಟ ನ್ಯಾಷನಲ್ ಪಾರ್ಕ್ ಸುಮಾರು 260 ಚದರ ಕಿಲೋಮೀಟರ್ ಇದ್ರೂ ಉದ್ದಕ್ಕೆ, ಕಿರಿದಾಗಿ ಚಾಚಿಕೊಂಡಿದೆ, ಅಂಚು ಜಾಸ್ತಿ, ಒಳಗು ಕಮ್ಮಿ. ಆ ಒಳಗಲ್ಲಿ ಮೇವು ಸಿಕ್ರೆ ನಿಮ್ಮ ಹೊಲದ ಮೇಲಿನ ಒತ್ತಡ ಸ್ವಲ್ಪ ಆದ್ರೂ ಇಳಿಯತ್ತೆ, ಪೂರ್ತಿ ನಿಲ್ಲತ್ತೆ ಅಂತ ಸುಳ್ಳು ಹೇಳಲ್ಲ. ಹಾಗೇನೇ ಜಿಂಕೆ ಲೆಕ್ಕವಿಲ್ಲದೆ ಹೆಚ್ಚಾಗೋದೂ ಕಾಡಿಗೆ ಒಳ್ಳೇದಲ್ಲ. ಅಂಡಮಾನಲ್ಲಿ ಬ್ರಿಟಿಷರು ತಂದು ಬಿಟ್ಟ ಚುಕ್ಕಿ ಜಿಂಕೆ ತಿನ್ನೋ ದೊಡ್ಡ ಪ್ರಾಣಿ ಇಲ್ಲದೆ ಬೆಳೆದು, ಕಾಡಿನ ಎಳೇ ಸಸಿಗಳನ್ನೇ ಮುಗಿಸ್ತಾ ಇದೆ. ಇಲ್ಲಿ ಚಿರತೆ, ಸೀಳುನಾಯಿ ಇರೋದ್ರಿಂದ ಲೆಕ್ಕ ಹಿಡಿತದಲ್ಲಿದೆ.

ನಿಮ್ಮ ಬದುಗೆ ಲಕ್ಕಿ ಕಡ್ಡಿನ ಒತ್ತೊತ್ತಾಗಿ ಹಾಕಿ, ಅವು ತಿನ್ನಲ್ಲ, ಎರಡು ಮಳೆಗಾಲಕ್ಕೆ ಗಟ್ಟಿ ಬೇಲಿ ಆಗತ್ತೆ. ಆನೆಗೆ, ಹಂದಿಗೆ ಅದು ತಡೆ ಅಲ್ಲ. ಬೆಳೆ ನಷ್ಟ ಆದಾಗ ಫೋಟೋ ತೆಗೆದು, ಪಹಣಿ ಇಟ್ಕೊಂಡು ತಡ ಮಾಡದೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಅಂಚಲ್ಲಿ ಮರ ಬೆಳೆಸೋ ಮನಸ್ಸಿದ್ರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರದಲ್ಲಿ ಸಸಿನೂ ಕೊಡ್ತಾರೆ, ಬದುಕಿದ ಸಸಿಗೆ ಪ್ರೋತ್ಸಾಹಧನಾನೂ ಇದೆ.

ಪ್ರಶ್ನೆ: ವಿಜಯನಗರದ ಎರಡನೇ ಮಹಡಿ, ಟೆರೇಸ್ ಬಿಟ್ರೆ ಜಾಗ ಇಲ್ಲ. ನಾನೂ ಏನಾದ್ರೂ ಮಾಡಬಹುದಾ? ಬೇರು ಬಂದ ಗಿಡ ಯಾವಾಗ ನೆಡಬೇಕು?

ಉತ್ತರ: ಖಂಡಿತ ಮಾಡಬಹುದಮ್ಮ, ಟೆರೇಸ್ ಮೇಲೆ ನೂರು ಕವರ್ ಆರಾಮಾಗಿ ಹಿಡಿಯತ್ತೆ. ಆದ್ರೆ ಮೊದಲು ನೆಡೋ ಜಾಗ ಇರೋರನ್ನ ಹುಡುಕಿ, ಮೊದಲ ಪ್ರಶ್ನೆ ಕೇಳಿದಂಥ ಜಮೀನಿನವರು ಸಿಕ್ರೆ ಅವರಿಗೆ ಯಾವ ಗಿಡ ಬೇಕೋ ಅದನ್ನೇ ಬೆಳೆಸಿ, ಬೆಳೆಸಿ ಆಮೇಲೆ ಎಲ್ಲಿ ಕೊಡೋದು ಅಂತ ಅಲೆದಾಡೋ ಹಾಗೆ ಆಗಬಾರದು. ಮಾರ್ಚ್ ಏಪ್ರಿಲ್ ಬಿಸಿಲಿಗೆ ಕಾಂಕ್ರೀಟ್ ಕಾದು ಕವರ್ ಒಳಗಿನ ಬೇರು ಸಾಯತ್ತೆ, ಕೆಳಗೆ ಇಟ್ಟಿಗೆ ಸಾಲು ಇಟ್ಟು ಅದರ ಮೇಲೆ ಒದ್ದೆ ಗೋಣಿ ಹಾಸಿ ಜೋಡಿಸಿ. ಕವಳೆ ಹಣ್ಣು ಬೇಸಿಗೆ ಕೊನೇಲಿ ಸಿಗತ್ತೆ, ತಿಂದು ಬೀಜ ಅವತ್ತೇ ತೊಳೆದು ಹಾಕಿ, ಒಣಗಿಸಿ ಇಟ್ರೆ ಹುಟ್ಟಲ್ಲ. ಬಾರೆ ಓಟೆ ಗಟ್ಟಿ, ಮೆಲ್ಲಗೆ ಬಿರುಕು ಬಿಡೋ ಹಾಗೆ ಕುಟ್ಟಿ ಹಾಕಿದ್ರೆ ಬೇಗ ಬರತ್ತೆ. ಬಂದರಿಕೆ ಬೀಜಕ್ಕೆ ಬಿಸಿನೀರು ಹಾಕಿ ರಾತ್ರಿಯೆಲ್ಲ ನೆನೆಸಿ.

ಫೆಬ್ರವರಿ ಕೊನೆಗೆ ಹಾಕಿದ ಕಡ್ಡಿ ಮೇ ಹೊತ್ತಿಗೆ ಬೇರು ಹಿಡಿದಿರತ್ತೆ. ಆಗ ಶೇಡ್ ನೆಟ್ ಒಂದೇ ಸಲ ತೆಗೀದೆ, ಮೊದಲು ಬೆಳಗಿನ ಬಿಸಿಲು, ಆಮೇಲೆ ಮಧ್ಯಾಹ್ನದ್ದು, ಹೀಗೆ ರೂಢಿ ಮಾಡಿಸಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ನೋಡಿ ಆತುರ ಪಡಬೇಡಿ, ಅದಾದ ಮೇಲೆ ವಾರಗಟ್ಟಲೆ ಒಣಗಿಸತ್ತೆ. ಜೂನ್ ಕೊನೆ, ಜುಲೈ, ಮಣ್ಣು ಒಂದಡಿ ತನಕ ನೆನೆದಿದೆಯಾ ಅಂತ ಅಗೆದು ನೋಡಿ ನೆಟ್ರೆ ಮುಂದೆ ಸೆಪ್ಟೆಂಬರ್ ಅಕ್ಟೋಬರ್ ಮಳೆನೂ ಸಿಗತ್ತೆ. ಬಾರೆ, ನೆಲ್ಲಿ ಸಸಿ ನೆಟ್ಟ ತಕ್ಷಣ ಸುತ್ತ ಎದೆಮಟ್ಟ ಜಾಲಿ ಮುಳ್ಳು ಒತ್ತಿಡಿ, ಜಿಂಕೆಗಾಗಿ ನೆಟ್ಟಿದ್ದನ್ನ ಜಿಂಕೆನೇ ಎಳೇದರಲ್ಲಿ ತಿಂದುಬಿಡತ್ತೆ. ಗಿಡ ಜಿಂಕೆ ಬಾಯಿಗೆ ಎಟುಕದಷ್ಟು ಎತ್ತರ ಆದ ಮೇಲೆ ಮುಳ್ಳು ತೆಗೆದ್ರೆ ಸಾಕು.